ಏಳನೇ ಕೈ

ಈ ಸಲ ಮೂರು ಮಂದಿ ಬಂದಾರ.
ಹೋದ ವರ್ಷ ಐದು. ಅದರ ಹಿಂದಿನ ವರ್ಷ ಇಬ್ಬರೇ,
ಅದರಾಗ ಒಬ್ಬಾಂವ ಬಂದ ದಿನಾನೇ ಬೋರಿನ ನೀರು ಕುಡದು ಮಲಗಿದ,
ಅವಗೇ ಸಲಾಯಿನ್ ಹಚ್ಚಿದೆ ನಾನು.

ನಾಕು ವಾರ ಇರ್ತಾರ.
ಯಾದಗಿರಿ ಸ್ಟೇಷನ್ನಿನಿಂದ ಜೀಪು, ಜೀಪಿನ ಮ್ಯಾಲೆ ಚೀಲ,
ಚೀಲದಾಗ ನಮ್ಮ ಕೈಗೆ ದೊಡ್ಡವಾಗೂ ಗ್ಲೌಸಿನ ಡಬ್ಬಿ.
ಡಾಕ್ಟರ್ ಸಾಹೇಬ್ರು ಅಂತಾರ: ಸಿಸ್ಟರ್, ಇವರಿಗೆ ಎಲ್ಲಾ ತೋರಸ್ರಿ.
ಎಲ್ಲಾ ಅಂದ್ರ ಏನಂತ
ಅವರೂ ಹೇಳಿಲ್ಲ, ನಾನೂ ಕೇಳಿಲ್ಲ.

ಇವತ್ತು ಎಲ್ಲಾ ಅಂದ್ರ ತಿಪ್ಪಮ್ಮನ ಹೊಟ್ಟಿ.
ಎಂಟು ತುಂಬಿ ಒಂಬತ್ತರಾಗ ಬಿದ್ದಾದ.
ಹತ್ತಿ ಬಿಡಸೂದು ಬಿಟ್ಟು ಬಂದಾಳ, ಅರ್ಧ ದಿನದ ಕೂಲಿ ಹೋತು.
ಖಾಟಿನ ಮ್ಯಾಲೆ ಅಂಗಾತ ಮಲಗಿ
ಫ್ಯಾನಿನ ರೆಕ್ಕಿ ನೋಡಕೋತ ಕೈ ಎಣಿಸ್ತಾಳ, ಬಾಯಿಬಿಟ್ಟೇ:
ಆಶಾ ಸಾಬಮ್ಮಂದು ಒಂದು.
ನಂದು ಎರಡು. ಸಾಹೇಬರದು ಮೂರು.
ಕಲಬುರಗಿಯಿಂದ ಟ್ರೇನಿಂಗಿಗೆ ಬಂದ ಹುಡುಗಂದು ನಾಕು.
ಐದು, ಆರು, ಬೆಳ್ಳಗ ಉದ್ದಕ,
ಸ್ಪಿರಿಟ್ ತಿಕ್ಕೊಂಡು ಮಂಜಿನಂಗ ತಣ್ಣಗಾದವು.
ತಣ್ಣಗಾಗಿದ್ದಕ್ಕ ಒಳಗಿನ ಕೂಸು ಸುತ ಸರದು ಕುಂತಿತು.

ಏಳನೇದು ಬರಲಿಲ್ಲ.
ಅದು ಫೆಮ್ಕೆ ಅನ್ನೂ ಪೋರಿದು (ಊರಾಗ ಪಮ್ಮಕ್ಕ ಅಂತಾರ),
ನೆದರ್ಲ್ಯಾಂಡಿನಾಗ ಹೆರಿಗಿ ಕೆಲಸ ಕಲಿತಾಳಂತ.
ಗಾಳಿಯಾಗೇ ಕೈ ನಿಲ್ಲಿಸಿ ನನ್ನ ಕಡಿ ನೋಡಿದಳು:
ಆಕಿನ್ನ ಕೇಳ್ರಿ.
ಏನು ಕೇಳ್ಲಿ?
ಮುಟ್ಟಲೇನು ಅಂತ.

ಇಪ್ಪತ್ತೆರಡು ವರ್ಷದ ನೌಕರಿ ನಂದು.
ಬ್ಯಾನಿ ಹ್ಯಾಂಗದ ಕೇಳೀನಿ, ಎಷ್ಟನೇದು ಕೇಳೀನಿ,
ಕಾರ್ಡ್ ಎಲ್ಲಿ ಅಂತ ಬೈದೀನಿ.
ಈ ಮಾತು ಮಾತ್ರ ಬಾಯಾಗ ಹೊಳ್ಳಲಿಲ್ಲ.
ತಿಪ್ಪಮ್ಮ, ಈಕಿ ಮುಟ್ಟಲೇನು ಅಂತ ಕೇಳ್ಲಾಕತ್ತಾಳ.

ತಿಪ್ಪಮ್ಮ ನಕ್ಕಳು.
ನಕ್ಕು, ಸೆರಗು ಜಗ್ಗಿ ಹೊಟ್ಟಿ ಮುಚ್ಚಿಕೊಂಡು
ಬ್ಯಾಡನ್ನು, ಅಂದಳು.

ಪೋರಿ ತಲಿ ಆಡಿಸಿ ಒಂದು ಹೆಜ್ಜಿ ಹಿಂದ ಸರದಳು.
ಅಷ್ಟೇ. ಮಾರಿ ಸಣ್ಣ ಮಾಡಲಿಲ್ಲ.
ನನ್ನ ಕೈ, ಆ ಎರಡನೇದು,
ಸೆರಗಿನ ಕೆಳಗ ಇನ್ನೂ ಹಂಗೇ ಇತ್ತು.

ಸಂಜಿಗೆ ದವಾಖಾನಿ ಮುಂದಿನ ಫರಸಿಕಟ್ಟಿ ಮ್ಯಾಲೆ ಚಾ.
ನಾನಂದೆ, ನಾನೂ ನಾಕು ವಾರ ನಿಮ್ಮೂರಿಗೆ ಬರ್ತೀನಿ,
ನಿಮ್ಮ ಅಕ್ಕನ ಬಾಣಂತನ ನೋಡ್ಲಾಕ.
ಆಕಿ ನಕ್ಕಳು. ಆಮ್ಯಾಲೆ ಚಾ ಆರೋತನಕ ನಗಲಿಲ್ಲ.
ಬಿಡಂಗಿಲ್ಲ, ಅಂದಳು ಕಡೀಕ. ನಿಮ್ಮ ಸರ್ಟಿಫಿಕೇಟ್ ನಡಿಯಂಗಿಲ್ಲ.
ನಿಂದು ಇಲ್ಲಿ ನಡೀತದಲ್ಲ?
ನಂದು ಇನ್ನೂ ಬಂದೇ ಇಲ್ಲ, ಅಂದಳು.

ಆಗ ನೆನಪಾತು, ಹೋದ ವರ್ಷದಾಂವ:
ಮೌಲಾಲಿ ಮಗನ ಕೈಗೆ ನಾಕು ಸಲ ಸೂಜಿ ಚುಚ್ಚಿ
ಐದನೇಕ್ಕ ನರ ಸಿಕ್ತು ಅಂತ ಖುಷಿಪಟ್ಟಾಂವ.
ನಮ್ಮಲ್ಲಿ ಇದು ನಮಗ ಕೊಡಂಗೇ ಇಲ್ಲ ಸಿಸ್ಟರ್, ಅಂದಿದ್ದ.
ಪೋರನ ರಟ್ಟಿ ಒತ್ತಿ ಹಿಡದಾಕಿ ನಾನು.
ಅದನ್ನ ಈಕಿಗೆ ಹೇಳಲಿಲ್ಲ.

ಹೋದರು ಮೂವರೂ, ಹೈದರಾಬಾದಿನ ರೈಲಿಗೆ.
ಗ್ಲೌಸು ಬಿಟ್ಟು ಹೋಗ್ಯಾರ. ಒಂದು ಬಿ.ಪಿ. ಮಷೀನು,
ಅದರ ಸೆಲ್ಲು ವಡಗೇರಾದಾಗ ಸಿಗಂಗಿಲ್ಲ.

ಹನ್ನೊಂದನೇ ದಿನಕ್ಕ, ರಾತ್ರಿ ಎರಡಕ್ಕ,
ಟಂಟಂ ಗಾಡ್ಯಾಗ ತಿಪ್ಪಮ್ಮ ಬಂದಳು.
ಕರೆಂಟ್ ಇಲ್ಲ. ಮೊಬೈಲಿನ ಬೆಳಕು ಸಾಬಮ್ಮ ಹಿಡದಳು.
ನಾನು ಖಾಟಿನ ಹಂತೇಕ ನಿಂತು,
ಯಾಕೋ ಏನೋ, ಕೇಳೇಬಿಟ್ಟೆ:
ತಿಪ್ಪಮ್ಮ, ಮುಟ್ಟಲೇನವಾ?

ಬ್ಯಾನಿ ನಡಬರಕ ಕಣ್ಣು ತೆರದು
ಏ ಹುಚ್ಚಿ, ಅಂದಳು, ಇದು ಕೇಳೂ ಹೊತ್ತೇನ, ಹಿಡಿ ಜಲ್ದಿ.
ಮತ್ತ ಹಲ್ಲು ಕಚ್ಚಿ,
ಆ ಕೇಳಿದಾಕಿ ಎಲ್ಲಿ?

ಹೋದಳು, ಅಂದೆ.
ಎರಡೂ ಕೈ ಗರಾಗರಾ ತಿಕ್ಕಿ
ಬೆಚ್ಚಗ ಮಾಡಿಕೊಂಡೆ.